ಜಂತೆ ಎಣಿಸುವವರನ್ನು ಹೊರಗೆ ಹಾಕಿದ್ದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಹೇಳುತ್ತಿದ್ದರು. ರಾಯಚೂರಿನಿಂದ ಮದುವೆಯಾಗಿ ಗಡಿಯಾಚೆಯ ಮಕ್ತಲಕ್ಕೆ ಬರುವಾಗ ಆ ಸಿಟ್ಟನ್ನೂ ಒಂದು ಕಂಪ್ಯೂಟರನ್ನೂ ಜೊತೆಗೇ ತಂದೆ. ಎರಡೂ ಕೆಲಸಕ್ಕೆ ಬಂದಿವೆ, ಸುಳ್ಳು ಹೇಳಲಾರೆ.

ಮಕ್ತಲದ ನಮ್ಮಂಥ ಮನೆಗಳಲ್ಲಿ ಅಂಗಡಿಯ ಮಾತು ತೆಲುಗು, ಅಡುಗೆಮನೆಯ ಮಾತು ಕನ್ನಡ. ಆದರೆ ಲಗ್ನಪತ್ರಿಕೆ ಮಾತ್ರ ಕನ್ನಡದಲ್ಲೇ ಆಗಬೇಕು, ಅಲ್ಲಿ ಯಾರೂ ರಾಜಿಯಾಗುವುದಿಲ್ಲ. ಊರಿನ ಪ್ರೆಸ್ಸುಗಳಲ್ಲಿ ತೆಲುಗು ಜೋಡಿಸುವವರಿದ್ದರು, ಕನ್ನಡ ಜೋಡಿಸುವವರಿರಲಿಲ್ಲ. ನಾನು ಮನೆಯ ಪಡಸಾಲೆಯಲ್ಲಿ ಕೂತು ಪತ್ರಿಕೆ ಟೈಪು ಮಾಡುತ್ತಿದ್ದೆ. ನಾರಾಯಣಪೇಟೆಯಲ್ಲಿ ಮೇಷ್ಟರಾಗಿದ್ದ ನನ್ನ ಗಂಡ ಅದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿನ ಪ್ರೆಸ್ಸಿಗೆ ಕೊಡುತ್ತಿದ್ದರು. ಮಾಗನೂರು, ಕೃಷ್ಣಾ ಕಡೆಯ ಹಳ್ಳಿಗಳಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. "ಕನ್ನಡ ಬರಿಯೂ ಸೊಸಿ ಮನಿ ಯಾವ್ದ್ರಿ?" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಸಾಕು, ಯಾರಾದರೂ ಕೈ ಮಾಡಿ ತೋರಿಸುತ್ತಿದ್ದರು. ಇದನ್ನು ಬರೆಯುವಾಗ ನನಗೆ ಈಗಲೂ ಕುತ್ತಿಗೆ ತುಸು ಎತ್ತರವಾಗುತ್ತದೆ.

ಹೊಸ ರಾಜ್ಯವಾದ ವರ್ಷ ಕೆಲಸ ಇನ್ನೂ ಹೆಚ್ಚಿತು. ಪತ್ರಿಕೆಯ ಕೆಳಗಿನ ವಿಳಾಸದಲ್ಲಿ ತೆಲಂಗಾಣ ಎಂದು ಬರಬೇಕಿತ್ತು. ಅದು ಬರೀ ವಿಳಾಸವಾಗಿದ್ದರೆ ಸಣ್ಣ ಅಕ್ಷರ ಸಾಕಾಗುತ್ತಿತ್ತು. ವರನ ಹೆಸರಿನಷ್ಟೇ ದಪ್ಪ ಇರಲಿ ಎಂದು ಪಟ್ಟು ಹಿಡಿದವರೂ ಇದ್ದರು. ಅಂಥ ದಪ್ಪ, ಬಳ್ಳಿ ಬಳ್ಳಿಯ ಕನ್ನಡ ಅಕ್ಷರಗಳಿಗಾಗಿ ನಾವು ಅಂತರ್ಜಾಲದಲ್ಲಿ ಸಿಕ್ಕಸಿಕ್ಕಲ್ಲಿ ಹುಡುಕಾಡಿದೆವು.

ಇಲ್ಲಿ ನನ್ನ ಗಂಡನ ಬಗ್ಗೆ ಒಂದು ಮಾತು. ಬಂಗಾರದಂಥ ಮನುಷ್ಯ, ಆದರೆ ಯಾರಿಗೂ ಇಲ್ಲ ಎನ್ನಲು ಬಾರದು. ಕಂಪ್ಯೂಟರ್ ಕೇಳಿದರೂ ಅಷ್ಟೇ. ಒಂದು ದಿನ ಅಕ್ಷರ ಇಳಿಸಿಕೊಳ್ಳುವಾಗ ಕೆಂಪು ಕಿಟಕಿಯೊಂದು ಎದ್ದು, ನಿಮ್ಮ ಕಂಪ್ಯೂಟರಿನಲ್ಲಿ ಕಳ್ಳರು ಸೇರಿದ್ದಾರೆ, ಪುಕ್ಕಟೆಯಾಗಿ ಓಡಿಸುತ್ತೇವೆ, ಒಪ್ಪಿಗೆಯೇ ಎಂದು ಕೇಳಿತಂತೆ. ಇವರು ಒಪ್ಪಿಕೊಂಡರು. "ಪಾಪ, ಅಷ್ಟು ಮರ್ಯಾದಿಯಿಂದ ಕೇಳಿತ್ತು" ಎಂದು ಆಮೇಲೆ ನನಗೇ ಹೇಳಿದರು. ಕಳ್ಳ ಬಂದದ್ದು ಆ ಒಪ್ಪಿಗೆಯ ಮೇಲೆಯೇ.

ಮೊದಮೊದಲು ಯಂತ್ರ ನಿಧಾನವಾಯಿತು. ಆಮೇಲೆ ಬೇಡದ ಜಾಹೀರಾತುಗಳು ತಾವಾಗಿ ತೆರೆದುಕೊಳ್ಳತೊಡಗಿದವು. ನಾನು ಮುಚ್ಚುತ್ತಿದ್ದೆ, ಅವು ಮತ್ತೆ ಬರುತ್ತಿದ್ದವು. ಹೀಗಿರುವಾಗ ಜ್ಯೇಷ್ಠದ ಕೊನೆಗೆ ಮಾಗನೂರು ಕಡೆಯ ಮಠದ ಅಯ್ಯನವರು ಬಂದರು. ಶ್ರಾವಣದಲ್ಲಿ ನಡೆಯುವ ಪುರಾಣ ಪ್ರವಚನದ ಕರಪತ್ರ ಬೇಕಿತ್ತು. ಮಾವ ಸ್ವತಃ ಅವರಿಗೆ ಕುರ್ಚಿ ಹಾಕಿ, ತಾವು ಪಕ್ಕದಲ್ಲಿ ಕೈಕಟ್ಟಿ ನಿಂತರು. ನಾನು ಮೇಲ್ಗಡೆ 'ಓಂ ನಮಃ ಶಿವಾಯ' ಎಂದು ಟೈಪು ಮಾಡಿದೆ. ಅದರ ಕೆಳಗೇ ತುಂಡು ಬಟ್ಟೆಯ ಹುಡುಗಿಯೊಬ್ಬಳು ಎದ್ದು ಬಂದು ನಗತೊಡಗಿದಳು.

ಅಯ್ಯನವರು ಕಣ್ಣು ಮುಚ್ಚಿ "ಶಿವ ಶಿವ" ಎಂದರು. ನಾನು ಮುಚ್ಚಲು ಹೋದೆ, ಒಬ್ಬಳಿದ್ದದ್ದು ಇಬ್ಬರಾದರು. ಮಾವ ಹೆಗಲ ಮೇಲಿನ ಶಲ್ಯ ಎಳೆದು ಪರದೆಯ ಮೇಲೆ ಹಾಕಿಬಿಟ್ಟರು. ಆಗಲೇ ಚಹಾ ತಂದ ಅತ್ತೆ, ಶಲ್ಯ ಹೊದ್ದ ಕಂಪ್ಯೂಟರನ್ನು ನೋಡಿ, "ಏನಾಗೈತ್ರಿ, ಜ್ವರ ಬಂದಾವೇನು?" ಎಂದರು. ಈಗ ನೆನೆದರೆ ನಗು ಬರುತ್ತದೆ. ಅವತ್ತು ಅವಮಾನದಿಂದ ನನ್ನ ಕಿವಿ ಸುಡುತ್ತಿದ್ದವು.

ಅಯ್ಯನವರನ್ನು ಕಳಿಸಿ ಬಂದ ಮಾವ ಬಾಗಿಲಲ್ಲೇ ನಿಂತು ಹೇಳಿದರು: "ಶ್ರಾವಣ ಬರೂದ್ರೊಳಗ ಈ ಪೆಟಿಗಿ ಮನಿ ಬಿಟ್ಟು ಹೋಗಬೇಕು ನೋಡವ್ವಾ. ಶರಣರು, ಬೀಗರು ಬಂದು ಹೋಗೂ ಮನಿ ಇದು." ಮಾತಿಗಷ್ಟೇ ನಿಲ್ಲಲಿಲ್ಲ. ಗದ್ವಾಲದಲ್ಲಿ ಅವರ ಹಳೆಯ ಗೆಳೆಯರೊಬ್ಬರು ಸೀರೆ ಅಂಗಡಿ ನಡೆಸುತ್ತಿದ್ದರು. ನಮ್ಮನೆಯ ಕಂಪ್ಯೂಟರ್ ನಿನಗೇ ಕೊಡುತ್ತೇನೆ ಎಂದು ಅವರಿಗೆ ನನ್ನೆದುರೇ ಫೋನು ಮಾಡಿದರು. ಕಂಪ್ಯೂಟರ್ ಹೋದರೆ ನನ್ನ ಕೆಲಸವೂ ಹೋಗುತ್ತಿತ್ತು, ಬಸ್‌ಸ್ಟ್ಯಾಂಡಿನಲ್ಲಿ ಕೈ ಮಾಡಿ ತೋರಿಸುವ ಆ ಸೊಸೆಯೂ ಇರುತ್ತಿರಲಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. "ಹೋಗಬೇಕಾದದ್ದು ಕಂಪ್ಯೂಟರ್ ಅಲ್ಲರಿ ಮಾವಾರ, ಅದರಾಗ ಹೊಕ್ಕೊಂಡು ಕುಂತಾವಲ್ಲ, ಅವು" ಎಂದೆ. ಸೊಸೆ ಮಾವನಿಗೆ ಹಾಗೆ ಎದುರಾಡುವುದು ನಮ್ಮಲ್ಲಿ ಇರಲಿಲ್ಲ. ಅವರು ಚಪ್ಪಲಿ ಮೆಟ್ಟಿ ನಮ್ಮ ಸೀರೆ ಅಂಗಡಿಗೆ ಹೊರಟುಬಿಟ್ಟರು.

ಆಷಾಢದಲ್ಲಿ ಮದುವೆಗಳಿಲ್ಲ, ಪತ್ರಿಕೆಗಳಿಲ್ಲ. ನನಗೆ ಸಿಕ್ಕಿದ್ದು ಆ ಒಂದು ತಿಂಗಳು. ಮೊದಲು ಯಂತ್ರವನ್ನು ನಾರಾಯಣಪೇಟೆಯ ರಿಪೇರಿಯವನ ಹತ್ತಿರ ಒಯ್ದೆ. ಅವನು ನೋಡಿದ ಹಾಗೆ ಮಾಡಿ, "ಅಂತಾ ತುಡಿಚೇಸ್ತಾನಮ್ಮಾ" ಎಂದ. ಎಲ್ಲಾ ಒರೆಸಿ ಹಾಕುತ್ತೇನೆ ಎಂದರೆ ನಾನು ಕೂಡಿಸಿಟ್ಟ ಅಕ್ಷರ, ಅಂಚು, ಪತ್ರಿಕೆಯ ಮಾದರಿ ಎಲ್ಲವೂ ಹೋದಂತೆ. ನೆಗಡಿ ಬಂತೆಂದು ಮೂಗು ಕೊಯ್ಯುತ್ತಾರೆಯೇ? ಯಂತ್ರ ಎತ್ತಿಕೊಂಡು ವಾಪಸು ಬಂದೆ. ನಾನೇ ಮಾಡುತ್ತೇನೆ ಎಂದು ಬಸ್ಸಿನಲ್ಲೇ ಗಟ್ಟಿಯಾಗಿ ಅಂದುಕೊಂಡೆ.

ಸ್ಪೈವೇರ್ ಎಂಬ ಗೂಢಚಾರ ತಂತ್ರಾಂಶವನ್ನು ಹುಡುಕಿ ತೆಗೆಯುವ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ ಎಂದು ಓದಿದ್ದೆ. ಹುಡುಕಿದರೆ ಒಂದಲ್ಲ, ಸಾಲು ಸಾಲು. ಯಾವುದನ್ನು ನಂಬುವುದು? ಒಳಗೆ ಕೂತಿದ್ದ ಕಳ್ಳನೂ ತಾನು ಕಾವಲುಗಾರ ಎಂದೇ ಹೇಳಿಕೊಂಡು ಬಂದವನು.

ಆ ಸಂಜೆ ಮಾವ ಪಡಸಾಲೆಯಲ್ಲಿ ನೇಕಾರರು ತಂದ ಸೀರೆಗಳನ್ನು ನೋಡುತ್ತಿದ್ದರು. ನಾರಾಯಣಪೇಟೆ ಸೀರೆಯಿರಲಿ, ಗದ್ವಾಲ ಸೀರೆಯಿರಲಿ, ಅವರು ಮೊದಲು ಮಗ್ಗುಲು ತಿರುವಿ ಹಿಂಬದಿ ನೋಡುವವರು. ನೂಲು ಎಲ್ಲಿಯದು, ಬಣ್ಣ ಯಾರು ಹಾಕಿದರು ಎಂದು ಕೇಳುತ್ತಾ ನೇಕಾರನಿಗೆ ಬೆವರಿಳಿಸುವವರು. ಅವರ ಕೆಲಸ ಮುಗಿದ ಮೇಲೆ ನಾನು ಎದುರಿಗೆ ಹೋಗಿ, ಒಂದು ತಂತ್ರಾಂಶ ಆರಿಸುತ್ತಿದ್ದೇನೆ, ಪುಕ್ಕಟೆಯದು ಎಂದೆ.

"ಪುಕ್ಕಟೆ ಕೊಡಾವ ಏನು ತಿಂತಾನ?" ಎಂದರು ಮಾವ, ತಲೆ ಎತ್ತದೆ.

ಹೋಗಿ ಓದಿಕೊಂಡು ಬಂದೆ. "ಕಂಪನಿಗಳಿಗೆ ದೊಡ್ಡದು ಮಾರ್ತಾನ್ರಿ. ಮನಿಯವರಿಗೆ ಸಣ್ಣದು ಬಿಟ್ಟಿ. ಸಣ್ಣದು ತಾನಾಗಿ ಕಾಯಂಗಿಲ್ಲ, ನಾವು ಹೇಳಿದಾಗ ಹುಡುಕತೈತಿ."

"ಅದು ವ್ಯಾಪಾರ. ಸರಿ. ಯಾರ ಕೈಲೆ ತರ್ತಿ?"

ಮತ್ತೆ ಹೋದೆ. ಸಿಕ್ಕ ತಾಣಗಳಲ್ಲಿ ಇಳಿಸಿಕೊಳ್ಳದೆ ತಯಾರಿಸಿದವರ ಪುಟಕ್ಕೇ ಹೋಗಬೇಕೆಂದು ತಿಳಿಯಿತು. ಹೀಗೆ ಅವರು ಕೇಳಿದ್ದೂ ನಾನು ಓಡಿದ್ದೂ ನಾಲ್ಕಾರು ಸಂಜೆ ನಡೆಯಿತು. ಒಬ್ಬನನ್ನು ಕರೆದರೆ ಬಳಗವನ್ನೆಲ್ಲಾ ಕಟ್ಟಿಕೊಂಡು ಬರುತ್ತಾನೋ ಎಂದು ಅವರು ಕೇಳಿದ ದಿನ, ಒಂದರ ಇನ್‌ಸ್ಟಾಲ್ ಪುಟವನ್ನು ಸಾವಕಾಶ ಓದಿದೆ. ಮೂಲೆಯಲ್ಲಿ ಮೊದಲೇ ಗುರುತು ಹಾಕಿದ ಚೌಕಗಳಿದ್ದವು. ಹಾಗೇ ಮುಂದೆ ಹೋದರೆ ಹುಡುಕುವ ಟೂಲ್‌ಬಾರ್, ಆಟ, ಇನ್ನೇನೋ ಜೊತೆಗೆ ಬರುತ್ತಿದ್ದವು. ಅದನ್ನು ಬಿಟ್ಟೆ. ಇನ್ನೊಂದು, ಪರೀಕ್ಷೆ ಶುರು ಮಾಡುವ ಮೊದಲೇ ನೂರಾರು ರೋಗ ತೋರಿಸಿ, ಔಷಧಿಗೆ ಹಣ ಕೇಳಿತು. ನಾಡಿ ಹಿಡಿಯುವ ಮುಂಚೆ ರೋಗ ಹೇಳುವ ವೈದ್ಯ! ಅದನ್ನೂ ಬಿಟ್ಟೆ. ಕೊನೆಗೆ ಒಪ್ಪಿದ್ದು ಆಡಂಬರವಿಲ್ಲದ ಒಂದನ್ನು. ಅದು ಕಳ್ಳನನ್ನು ತೋರಿಸಿ ಸುಮ್ಮನಾಗದೆ ಪುಕ್ಕಟೆಯಾಗಿಯೇ ತೆಗೆಯುತ್ತಿತ್ತು, ಹೊಸ ಕಳ್ಳರ ಗುರುತುಗಳನ್ನು ಆಗಾಗ ತರಿಸಿಕೊಳ್ಳುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಇಳಿದೆ. ಮೊದಲು ಆ ಸುಳ್ಳು ಕಾವಲುಗಾರನನ್ನು ಕಿತ್ತು ಹಾಕಿದೆ. ಅವನು ಹೋಗುವಾಗಲೂ ನಿಜವಾಗಿ ತೆಗೆಯಲೇ, ಯೋಚಿಸಿದಿರಾ ಎಂದು ಗೋಗರೆದ. ನನ್ನ ಗಂಡ ಇದ್ದಿದ್ದರೆ ಕರಗಿಬಿಡುತ್ತಿದ್ದರು, ಪುಣ್ಯಕ್ಕೆ ಶಾಲೆಗೆ ಹೋಗಿದ್ದರು. ಆಮೇಲೆ ಹೊಸದನ್ನು ಹಾಕಿ, ಇಂಟರ್‌ನೆಟ್ ಸಂಪರ್ಕ ಕಿತ್ತು, ಇಡೀ ಯಂತ್ರ ಜಾಲಾಡಲು ಹೇಳಿದೆ. ಅತ್ತೆ ಜೋಳ ಹಸನು ಮಾಡುವ ಮೊರ ಹಿಡಿದು ಪಕ್ಕದಲ್ಲೇ ಕೂತರು. ಕೆಂಪು ಸಾಲುಗಳು ಒಂದೊಂದಾಗಿ ಕಾಣತೊಡಗಿದವು.

"ಇವೆಲ್ಲಾ ಏನು ಮಾಡ್ತಾವ?" ಎಂದರು ಅತ್ತೆ.

"ನಾವು ಏನು ನೋಡ್ತೀವಿ, ಏನು ಬರೀತೀವಿ, ಎಲ್ಲಾ ಹೊರಗ ಹೇಳಿ ಕಳಸ್ತಾವ್ರಿ."

"ಹಂಗಂದ್ರ ಉಂಡ ಮನಿ ಜಂತಿ ಎಣಸೂ ಮಂದಿ" ಎಂದು ಅತ್ತೆ ಮೊರ ಕೆಳಗಿಟ್ಟರು. ಅಂಥವರು ಅವರಿಗೆ ಬೀಗರ ಪೈಕಿ ಒಂದಿಬ್ಬರು ಗೊತ್ತಿದ್ದರು. ಗೂಢಚಾರ ತಂತ್ರಾಂಶ ಎಂದರೇನೆಂದು ನಾನು ಇಂಗ್ಲಿಷಿನಲ್ಲಿ ಎಷ್ಟೋ ಓದಿದ್ದೆ, ಇಷ್ಟು ಚೆನ್ನಾಗಿ ಎಲ್ಲೂ ಓದಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಹುಡುಕಾಟ ಮುಗಿಯಿತು. ಹಿಡಿದವರನ್ನೆಲ್ಲಾ ಮೊದಲು ಬೇರೆ ಕೋಣೆಯಲ್ಲಿ ಕೂಡಿಹಾಕುತ್ತದೆ, ಆಮೇಲೆ ತೆಗೆಯಬಹುದು ಎಂದೆ. "ಕೂಡಿ ಹಾಕೂದೇನು, ಹೊರಗ ಒಗಿ" ಎಂದರು ಅತ್ತೆ. ಒಳ್ಳೆಯ ಕಡತವೇನಾದರೂ ತಪ್ಪಿ ಸಿಕ್ಕಿಬಿದ್ದಿದೆಯೇ ಎಂದು ಒಂದೊಂದನ್ನೇ ನೋಡಿ, ಉಳಿದದ್ದನ್ನು ಹೊರಗೆ ಹಾಕಿದೆ. ಪೆನ್‌ಡ್ರೈವನ್ನೂ ಬಿಡಲಿಲ್ಲ.

ಯಂತ್ರ ಮೊದಲಿನಂತೆ ಓಡಿತು. ನಾನು ಕುಣಿಯುವುದೊಂದು ಬಾಕಿ. ಆದರೆ ಮಾವ ಗಲ್ಲ ಕೆರೆದುಕೊಂಡು, "ಒಂದು ಕಾವಲು ಸಾಲಂಗಿಲ್ಲ" ಎಂದರು. ನಮ್ಮ ಅಂಗಡಿಗೆ ನಿಜಾಮರ ಕಾಲದಿಂದ ಎರಡು ಬೀಗ. ಒಂದರ ಕೀಲಿ ಮನೆತನದ ಹಿರಿಯಣ್ಣನ ಹತ್ತಿರ, ಇನ್ನೊಂದರದು ಅವನ ತಮ್ಮನ ಹತ್ತಿರ. ಇಬ್ಬರೂ ಬಂದರೇ ಬಾಗಿಲು ತೆಗೆಯಬೇಕು. ಈ ಮನೆಯಲ್ಲಿ ಉಪ್ಪಿನಕಾಯಿ ಜಾಡಿಗೂ ಎರಡು ಗಂಟು. ನನಗೂ ಆ ರೂಢಿ ಹತ್ತಿತ್ತು. ಸದಾ ಕಾಯುವ ಪುಕ್ಕಟೆ ಕಾವಲುಗಾರರನ್ನು ಹುಡುಕಿ, ಒಬ್ಬರ ಬದಲು ಇಬ್ಬರನ್ನು ಕೂರಿಸಿದೆ.

ಮರುದಿನ ಯಂತ್ರ ಅಲುಗಾಡಲಿಲ್ಲ. ಅಯ್ಯನವರ ಕರಪತ್ರ ತೆರೆಯಲು ಹೋದರೆ ಅನ್ನಕ್ಕಿಟ್ಟ ಎಸರು ಕುದಿಯಿತು, ಕರಪತ್ರ ತೆರೆಯಲಿಲ್ಲ. ಶ್ರಾವಣ ಹತ್ತಿರ ಬಂದಿತ್ತು. ಮಾವ ಬಂದು ನೋಡಿ ಹೋದರು. ಗದ್ವಾಲಕ್ಕೆ ಕಳಿಸುವ ರಟ್ಟಿನ ಡಬ್ಬಿ ಅಟ್ಟದಿಂದ ಇಳಿದು ಮೂಲೆಯಲ್ಲಿ ಕೂತಿತ್ತು. ಆ ಡಬ್ಬಿ ನೋಡಿ ನನಗೆ ಅಳು ಬಂತು, ಅಳುವಿನ ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ಬಂದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ.

ನಾನು ತೆರೆಯುವ ಪ್ರತಿ ಕಡತವನ್ನೂ ಇಬ್ಬರು ಕಾವಲುಗಾರರೂ ಹಿಡಿದು ಪರೀಕ್ಷಿಸುತ್ತಿದ್ದರು. ಒಬ್ಬನ ಕೈಯಲ್ಲಿದ್ದದ್ದನ್ನು ಇನ್ನೊಬ್ಬ ಜಗ್ಗುತ್ತಿದ್ದ. ಮೇಲಾಗಿ ಅವನು ಕಳ್ಳ ಎಂದು ಇವನು, ಇವನು ಕಳ್ಳ ಎಂದು ಅವನು. ಮಾವನ ಮುಂದೆ ಹೋಗಿ ಹೇಳಿದೆ: "ಎರಡು ಬೀಗ ಜಗಳಾ ಆಡಂಗಿಲ್ಲರಿ ಮಾವಾರ. ಇಬ್ಬರು ಕಾವಲುಗಾರರು ಆಡ್ತಾರ. ಒಂದು ಒರೆಯೊಳಗ ಎರಡು ಕತ್ತಿ ಹಿಡಸಂಗಿಲ್ಲ."

"ಹಂಗಾರ ಒಬ್ಬಾವನ್ನ ಬಿಡಸು" ಎಂದರು ಮಾವ.

ಬಾಗಿಲಲ್ಲಿ ಸದಾ ನಿಲ್ಲಲು ಒಬ್ಬನನ್ನು ಇಟ್ಟೆ. ಮೊದಲು ಆರಿಸಿದ್ದ ಆ ಆಡಂಬರವಿಲ್ಲದವನು ಕರೆದಾಗ ಮಾತ್ರ ಬಂದು ಹುಡುಕಿ ಹೋಗುವವನು, ಅವನಿಂದ ಜಗಳವಿಲ್ಲ. ಅವನಿಗೆ ಸೋಮವಾರ ಗೊತ್ತು ಮಾಡಿದೆ. ನಮ್ಮಲ್ಲಿ ಸೋಮವಾರ ಮನೆಯೆಲ್ಲಾ ತೊಳೆದು, ತಲೆಗೆ ನೀರು ಹಾಕಿಕೊಂಡೇ ಒಲೆ ಹಚ್ಚುವುದು. ಆ ದಿನದಿಂದ ಅತ್ತೆ ನೀರಿನ ಮನೆಯಿಂದಲೇ ಕೂಗಿ ಕೇಳುವರು: "ಕಂಪ್ಯೂಟರಿನ ಜಳಕಾ ಆತೇನವ್ವಾ?" ಕರಪತ್ರ ಮುಗಿಸಿ ಕಳಿಸಿದೆ. ಯಾವ ಹುಡುಗಿಯೂ ಏಳಲಿಲ್ಲ.

ಮಾವ ಮಾತ್ರ ಇರಲಿ ಎನ್ನಲಿಲ್ಲ, ಹೋಗಲಿ ಎಂದೂ ಅನ್ನಲಿಲ್ಲ. ಡಬ್ಬಿ ಮೂಲೆಯಲ್ಲೇ ಇತ್ತು. ಶ್ರಾವಣದ ಮೊದಲ ವಾರ ಗದ್ವಾಲದ ಗೆಳೆಯರ ಫೋನು ಬಂತು. ಅವರ ಅಂಗಡಿಯ ಕಂಪ್ಯೂಟರಿಗೂ ನಮ್ಮದೇ ರೋಗ ಹತ್ತಿತ್ತಂತೆ, ಯಾವಾಗ ನಿಮ್ಮದು ಕಳಿಸುತ್ತೀರಿ ಎಂದು ಕೇಳುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕಿವಿಗೊಟ್ಟು ನಿಂತೆ.

"ನಮ್ಮದು ಕೊಡೂದಿಲ್ಲಪ್ಪಾ" ಎಂದರು ಮಾವ. "ಅದನ್ನ ರಿಪೇರಿ ಮಾಡಿದವರನ್ನ ಕರಕೊಂಡು ಬರ್ತೀನಿ."

ಜೂರಾಲದ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋಗುವಾಗ ಬಸ್ಸಿನಲ್ಲಿ ನನ್ನ ಚೀಲ ಅವರೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅಂಗಡಿಯಲ್ಲಿ ಗೆಳೆಯರು ನಮ್ಮ ಹಿಂದೆ ಇನ್ಯಾರಾದರೂ ಬರುತ್ತಾರೋ ಎಂದು ಬೀದಿಯ ಕಡೆ ನೋಡಿ, ಕೊನೆಗೆ ನನ್ನ ಕಡೆ ಬೆರಳು ಮಾಡಿ "ಈ ಅಮ್ಮಾಯೇನಾ?" ಎಂದರು, ಈ ಹುಡುಗಿಯೇ ಎಂಬಂತೆ.

"ನಮ್ಮ ಸೊಸಿ" ಎಂದರು ಮಾವ. "ಆ ಪೆಟಿಗಿ ನಾ ಮನಿ ಬಿಟ್ಟು ಕಳಸಾಕ ಹೊಂಟಿದ್ದೆ. ಇಕಿ ಉಳಿಸಿದ್ಲು. ನೀ ಎದ್ದು ಜಾಗಾ ಬಿಡು."

ಗೆಳೆಯರು ಎದ್ದರು. ಕಂಪ್ಯೂಟರಿನ ಮುಂದೆ ಇದ್ದದ್ದು ಯಜಮಾನರ ಕುರ್ಚಿ ಒಂದೇ. ಮಾವ ನಿಂತಿರುವಾಗ ಸೊಸೆ ಕೂಡುವುದು ನಮ್ಮ ಮನೆಗಳಲ್ಲಿ ಇಲ್ಲ. ಕೆಲಸದವರು, ಗಿರಾಕಿಗಳು ಎಲ್ಲರೂ ನೋಡುತ್ತಿದ್ದರು. ನಾನು ಕುರ್ಚಿ ಹಿಡಿದು ನಿಂತೇ ಇದ್ದೆ.

"ಕೂಡವ್ವಾ" ಎಂದರು ಮಾವ. "ನಾ ನಿಂತಿರ್ತೀನಿ."

ನಾನು ಕೂತೆ. ಕೆಲಸ ಮುಗಿಯುವ ತನಕ ಅವರು ನನ್ನ ಕುರ್ಚಿಯ ಹಿಂದೆ ನಿಂತೇ ಇದ್ದರು.