ಎದೆಬಡಿತ ಇಳಿಸಿದ ಡಾಕ್ಟರಬಾಯಿ

ಕಳೆದ ವಾರ ರಕ್ತ ತಪಾಸಣೆಗೆ ಹೋದಾಗ ನರ್ಸು ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದಳು. ಆ ವಾಸನೆಗೆ ಗೋಕಾಕದ ಡಾಕ್ಟರಬಾಯಿ ನೆನಪಾದರು... ಬಿಳಿ ಸೀರೆ, ಮೊಣಕೈವರೆಗಿನ ಕುಪ್ಪಸ, ಯಾವಾಗಲೂ ತಣ್ಣಗಿರುತ್ತಿದ್ದ ಕೈ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದಿರಬೇಕು. ನಾಗನೂರಿನಿಂದ ಮಮದಾಪುರಕ್ಕೆ ಸೊಸೆಯಾಗಿ ಬಂದಿದ್ದೆ. ಮೊದಲ ಮಗಳು ಹುಟ್ಟಿದ ಮೇಲೆ ನನಗೊಂದು ಬೇನೆ ಶುರುವಾಯಿತು. ರೊಟ್ಟಿ ಬಡಿಯುತ್ತಿರುವಾಗಲೇ ಎದೆ ಒಮ್ಮೆಲೇ ಓಡತೊಡಗುತ್ತಿತ್ತು, ಕಣ್ಣಿಗೆ ಕತ್ತಲೆ ಬರುತ್ತಿತ್ತು, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತಿತ್ತು. ಇವಳ ಗುಂಡಿಗೆ ಕೆಟ್ಟಿದೆ, ಬಹಳ ದಿನ ಉಳಿಯುವುದಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಕೈಯಲ್ಲಿದ್ದಾಗ ಬೀಳಿಸಿಬಿಟ್ಟರೆ ಎಂದು ನಾನು ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟೆ. ಹಾಲು ಕುಡಿಸುವಾಗಲೂ ಅತ್ತೆ ಪಕ್ಕದಲ್ಲಿ ಕೂತು ಅದನ್ನು ಹಿಡಿದಿರಬೇಕಿತ್ತು.

ಒಂದು ಮುಂಜಾನೆ ಓಡತೊಡಗಿದ ಎದೆ ನಿಲ್ಲಲೇ ಇಲ್ಲ. ಅತ್ತೆ ಚಕ್ಕಡಿ ಹೂಡಿಸಿ, ಕೂಸನ್ನೂ ಕಟ್ಟಿಕೊಂಡು ಗೋಕಾಕದ ಸರ್ಕಾರಿ ದವಾಖಾನೆಗೆ ಕರೆದೊಯ್ದರು.

ಡಾಕ್ಟರಬಾಯಿ ನಾಡಿ ಹಿಡಿದರು, ಎದೆಗೆ ನಳಿಕೆ ಇಟ್ಟು ಕೇಳಿದರು.

"ಮೂಗು, ಬಾಯಿ ಮುಚ್ಕೋ ತಂಗಿ. ಹಡಿಯೂವಾಗ ತಿಣುಕಿದ್ಯಲ್ಲ, ಹಂಗ ತಿಣುಕು."

ತಿಣುಕಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಜೋರಾಗಿ ತಿಣುಕಿ ಉಸಿರು ಬಿಟ್ಟೆ. ಎದೆಯೊಳಗೆ ಒಂದು ಪೆಟ್ಟು ಬಿದ್ದಂತಾಗಿ... ಬಡಿತ ಇಳಿಯಿತು. ನಾನು ಅತ್ತುಬಿಟ್ಟೆ.

"ಹಂಗಾರ ಗುಂಡಿಗಿ ಕೆಟ್ಟಿಲ್ಲೇನ್ರಿ ಬಾಯಾರ?" ಅತ್ತೆ ಕೇಳಿದರು.

"ಗುಂಡಿಗಿ ಚಲೋ ಐತ್ರಿ. ಅದಕ್ಕ ಎರಡು ನಮೂನಿ ನರ ಬರ್ತಾವ. ಒಂದು ಓಡಸ್ತೈತಿ, ಇನ್ನೊಂದು ತಡೀತೈತಿ. ತಿಣುಕಿದ್ದಕ್ಕ ತಡಿಯೂ ನರಕ್ಕ ಜೋರ ಬಂತು. ಅಂಜಿದ್ರ ಮೈಯಾಗ ಒಂದು ರಸ ಹುಟ್ಟತೈತಿ. ಅದನ್ನ ಹಿಡ್ಕೊಳ್ಳೂ ಜಾಗಾ ಗುಂಡಿಗ್ಯಾಗ ಅದಾವ. ಹಿಡ್ಕೊಂಡಕೂಡ್ಲೆ ಓಡಾಕ ಹತ್ತತೈತಿ. ಸಾಯ್ತಾಳ ಅಂತ ಮಂದಿ ಅಂಜಿಸಿದ್ರ ಇನ್ನಷ್ಟು ಓಡ್ತೈತಿ."

"ಕೂಸಿನ್ನ ಎತ್ಕೋಬಹುದೇನ್ರಿ?" ನಾನು ಕೇಳಿದ್ದು ಅದೊಂದೇ.

ಅವರು ಅತ್ತೆಯ ತೊಡೆಯ ಮೇಲಿದ್ದ ಮಗಳನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ಮತ್ತ ಹಂಗಾದ್ರ ಕೂಸಿನ್ನ ಕೆಳಗ ಮಲಗಿಸಿ ತಿಣುಕು. ಅಷ್ಟ."

ಚಕ್ಕಡಿಯಲ್ಲಿ ಊರು ಮುಟ್ಟುವವರೆಗೂ ಕೂಸನ್ನು ಯಾರಿಗೂ ಕೊಡಲಿಲ್ಲ. ಅತ್ತೆಯೂ ಕೇಳಲಿಲ್ಲ. ಆಮೇಲೂ ಆಗಾಗ ಎದೆ ಓಡಿತು, ಆದರೆ ಭಯ ಹೋಗಿತ್ತು. ಇನ್ನೆರಡು ಮಕ್ಕಳನ್ನು ಹೆತ್ತೆ, ಹೊಲದಲ್ಲಿ ದುಡಿದೆ.

ಡಾಕ್ಟರಬಾಯಿ ವರ್ಗವಾಗಿ ಹೋದವರು ತಿರುಗಿ ಬರಲಿಲ್ಲ. ತೀರಿಕೊಂಡರೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಈಗ ನನ್ನನ್ನು ಕೈಹಿಡಿದು ನಡೆಸುವವಳು ಆ ಮಗಳೇ. ಬೆಳೆದು ನಿಂತ ಅವಳನ್ನೊಮ್ಮೆ ಡಾಕ್ಟರಬಾಯಿಗೆ ತೋರಿಸಬೇಕಿತ್ತು... ಆಗಲಿಲ್ಲ.