ಗುಡ್ಡೆಯ ಮುಂದೆ ಇಳಿಯದ ಪದ

ಗಾಳಿ ಮೆಟ್ಟಿತು, ಮೈಮೇಲೆ ಬಂತು ಎಂದು ಹೇಳಿಕೊಂಡು ಬಂದವರನ್ನು ನಾನು ಎದುರಿಗೇ ಗೇಲಿ ಮಾಡಿ ಕಳಿಸಿದವನು. ಮನೆಯವಳು ಮಂತ್ರ ಹಾಕಿಸಿ ತಂದಿಟ್ಟ ನಿಂಬೆಹಣ್ಣನ್ನು ಹಿಂಡಿ ಪಾನಕ ಮಾಡಿಕೊಂಡು ಕುಡಿದದ್ದೂ ಉಂಟು. ಕೆ.ಆರ್. ನಗರದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಮೋಟಾರು ನಿಂತಿತೆಂದರೆ ಅದಕ್ಕೊಂದು ಕಾರಣ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ. ಬದುಕಿನಲ್ಲಿ ಎಲ್ಲವೂ ಹೀಗೆಯೇ ಎಂದು ನಂಬಿದ್ದೆ. ಈಗ ಬರೆಯುತ್ತಿರುವ ಸಂಗತಿಯನ್ನು ಮಾತ್ರ ಎಷ್ಟು ಬಿಚ್ಚಿದರೂ ಕಾರಣ ಸಿಕ್ಕಿಲ್ಲ. ಅದು ನಡೆದದ್ದು ಕತ್ತಲಲ್ಲೂ ಅಲ್ಲ, ಮಟಮಟ ಮಧ್ಯಾಹ್ನ, ಊರಿಗೆ ಊರೇ ತಿಥಿ ಊಟಕ್ಕೆ ಕಾದು ಕೂತಿದ್ದಾಗ.

ಮೊದಲೇ ಹೇಳಿಬಿಡುತ್ತೇನೆ, ಹಾಡುಗಾರ ಸಿದ್ದರಾಜುವನ್ನು ಕಂಡರೆ ನನಗಾಗುವುದಿಲ್ಲ. ಅವನೂ ಇದನ್ನು ಓದಲಿ. ಚುಂಚನಕಟ್ಟೆಗೆ ಹತ್ತಿರದ ನಮ್ಮೂರಿನವನೇ ಅವನು. ಹುಡುಗನಾಗಿದ್ದಾಗ ಸಾವಿನ ಮನೆಗಳಲ್ಲಿ ತಂಬೂರಿ ಹಿಡಿದು ಹಾಡುತ್ತಿದ್ದ. ಗಂಟಲು ಚೆನ್ನಾಗಿತ್ತು, ಅದನ್ನು ಇಲ್ಲವೆಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಆಮೇಲೆ ಕ್ಯಾಸೆಟ್ ಬಂತು, ಹುಣಸೂರು, ಪಿರಿಯಾಪಟ್ಟಣ, ಹ್ಯಾಂಡ್‌ಪೋಸ್ಟ್ ಅಂತ ಎಲ್ಲ ಕಡೆಯ ವೇದಿಕೆಗಳು ಬಂದವು. ತಂಬೂರಿ ಹೋಗಿ ಗಿಟಾರ್ ಬಂತು, ರುಮಾಲು ಹೋಗಿ ಚರ್ಮದ ಟೋಪಿ ಬಂತು. ಈಗ ಮೊಬೈಲಿನಲ್ಲಿ ಅವನದೇ ಒಂದು ಚಾನೆಲ್ಲೂ ಇದೆ. ಪದಗಳನ್ನು ಹೇಗೆ ಕಟ್ಟುತ್ತೀರಿ ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು, ಕನಸಿನಲ್ಲಿ ಬರುತ್ತವೆ ಎನ್ನುತ್ತಾನೆ.

ಕನಸೂ ಇಲ್ಲ, ಮಣ್ಣೂ ಇಲ್ಲ. ಅವು ನಂಜಮ್ಮನ ಬಾಯಿಂದ ಬಂದವು. ನಂಜಮ್ಮ ನಾಟಿ ಕೂಲಿಯವಳು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿಕೊಂಡೇ ಪದ ಕಟ್ಟುತ್ತಿದ್ದಳು. ಸಿದ್ದರಾಜು ಹೆಸರು ಮಾಡುವ ತನಕ ಅವನ ಹಿಂದೆ ನಿಂತು ಸೊಲ್ಲು ಹಿಡಿದವಳೂ ಅವಳೇ. ಸೊಲ್ಲು ಹಿಡಿಯುವುದೆಂದರೆ, ಮುಂದಿನವನು ಒಂದೊಂದು ನುಡಿ ಮುಗಿಸಿದಾಗಲೂ ಹಿಂದಿನವರು ಪದದ ಮೊದಲ ಸಾಲನ್ನು ಎತ್ತಿಕೊಳ್ಳುವುದು. ನಂಜಮ್ಮನಿಗೆ ಒಂದು ಚಾಳಿಯಿತ್ತು. ಮುಂದಿನವನ ನುಡಿ ಪೂರ್ತಿ ಮುಗಿಯಲು ಬಿಡುತ್ತಿರಲಿಲ್ಲ, ಅರ್ಧ ಉಸಿರು ಮುಂಚಿತವಾಗಿಯೇ ನುಗ್ಗಿಬಿಡುತ್ತಿದ್ದಳು. ಜನಕ್ಕೆ ಅದೇ ಇಷ್ಟ. ಸಿದ್ದರಾಜುವಿಗೆ ಮೈಯೆಲ್ಲ ಉರಿ. ವೇದಿಕೆಯ ಮೇಲೇ ತಿರುಗಿ ಬೈದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಡೆಗೆ ಅವಳನ್ನು ಬಿಟ್ಟು ಕೀಬೋರ್ಡ್ ಹುಡುಗರನ್ನು ಕಟ್ಟಿಕೊಂಡ. ಪದಗಳನ್ನು ಮಾತ್ರ ಬಿಡಲಿಲ್ಲ.

ಅವನನ್ನು ಮೇಲೆತ್ತಿದ ಪದ ಇದು:

ನಾಲೆ ನೀರು ಬಂದೈತೆ ನಡಿಯೆ ಅಕ್ಕ
ಕಾಲ ಕೆಸರು ಒಣಗೋಕೆ ಮೊದಲು

ನಮ್ಮ ಕಡೆ ಪದ ಎತ್ತುವುದು, ಇಳಿಸುವುದು ಎನ್ನುತ್ತಾರೆ. ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರು ಹೇಳಿದರೆ ಪದ ಇಳಿದಂತೆ. ಆ ನುಡಿಗೆ ಹಿಂದಿನವರು ಮೊದಲ ಸಾಲಿಗೆ ಹೋಗಬಾರದು, ಹೆಸರನ್ನೇ ಹೇಳಿ ನಿಲ್ಲಿಸಬೇಕು. ಸಿದ್ದರಾಜು ಅಲ್ಲಿದ್ದ ನಂಜಮ್ಮನ ಹೆಸರನ್ನು ಕಿತ್ತು ತನ್ನದನ್ನು ಇಟ್ಟುಕೊಂಡಿದ್ದ. ಅವಳ ಮಗಳು ಸಾವಿತ್ರಿ ಅವನ ಮನೆ ಬಾಗಿಲಿಗೆ ಹೋಗಿ ಕೇಳಿದ್ದಕ್ಕೆ, ಕೆಸರಲ್ಲಿ ಬಿದ್ದಿದ್ದನ್ನು ತೊಳೆದು ಜನರ ಮುಂದಿಟ್ಟವನು ನಾನು ಎಂದು ಹೇಳಿ ಕಳಿಸಿದ.

ಕೆಲವು ವರ್ಷಗಳ ಹಿಂದೆ ನಂಜಮ್ಮ ತೀರಿಕೊಂಡಳು. ಪದ ಕಟ್ಟಿದವರು ಸತ್ತರೆ ತಿಥಿಯ ದಿನ ಅವರನ್ನು ಮಣ್ಣು ಮಾಡಿದ ಗುಡ್ಡೆಯ ಮುಂದೆ ಅವರದೇ ಪದ ಎತ್ತಬೇಕು, ಪದ ಇಳಿದ ಮೇಲೆಯೇ ಎಡೆ ಇಕ್ಕಬೇಕು, ಎಡೆಯಾದ ಮೇಲೆಯೇ ಊಟ. ಇದು ನಮ್ಮೂರಿನ ಕಟ್ಟುಪಾಡು. ಗುಡ್ಡೆಯ ಮುಂದೆ ಯಾವ ಹೆಸರಿನಲ್ಲಿ ಪದ ಇಳಿಯುತ್ತದೋ ಊರಿಗೆ ಅದೇ ಖಾಯಂ. ಹಿಂದೆ ಎಂಥ ತಕರಾರಿದ್ದರೂ ಆಮೇಲೆ ಯಾರೂ ಎತ್ತುವಂತಿಲ್ಲ.

ಸಿದ್ದರಾಜುವಿಗೆ ಇದು ಗೊತ್ತಿಲ್ಲವೇ? ಕರೆಯದಿದ್ದರೂ ಬಂದ. ಬಿಳಿ ಕಾರು, ಟೋಪಿ, ಗಿಟಾರ್, ವಿಡಿಯೊ ಹಿಡಿಯಲು ಒಬ್ಬ ಆಳು. ಹಳೆಯ ಜೊತೆಗಾತಿಗೆ ನಾನೇ ಪದ ಎತ್ತುತ್ತೇನೆ ಎಂದು ಗುಡ್ಡೆಯ ಮುಂದೆ ಕೂತೇಬಿಟ್ಟ. ಸಾವಿನ ಕಾರ್ಯದಲ್ಲಿ ಪದ ಎತ್ತುತ್ತೇನೆ ಎಂದವನನ್ನು ಎಬ್ಬಿಸುವುದಕ್ಕೆ ಬರುವುದಿಲ್ಲ. ಊರಿನವರು ಹಲ್ಲು ಕಚ್ಚಿಕೊಂಡರು. ಒಬ್ಬನೂ ಅವನಿಗೆ ಕುಡಿಯಲು ನೀರು ಕೊಡಲಿಲ್ಲ.

ನಾನು ನಮ್ಮೂರ ಭಜನೆ ಮೇಳದಲ್ಲಿ ತಾಳ ಹಾಕುವವನು. ಸೊಲ್ಲು ಹಿಡಿಯಬೇಕಾದವರು ನಾನೂ ಸೇರಿ ನಾಲ್ಕು ಜನ. ಸಾವಿತ್ರಿ ನನ್ನ ಹತ್ತಿರ ಬಂದಳು. ಕಣ್ಣಲ್ಲಿ ನೀರಿರಲಿಲ್ಲ, ಬರೀ ಸಿಟ್ಟಿತ್ತು.

"ಅಣ್ಣ, ಇವತ್ತು ಆ ವಯ್ಯ ನಮ್ಮವ್ವನ ಗುಡ್ಡೆ ಮುಂದ್ಲೇ ತನ್ನೆಸ್ರ ಹಾಕ್ಕಂಡು ಇಳಿಸ್ಬುಟ್ರೆ ಅಲ್ಲಿಗೆ ಮುಗೀತು ಕಣಣ್ಣ. ನಮ್ಮವ್ವ ಹುಟ್ಟೇ ಇರ್ನಿಲ್ಲ ಅಂದಂಗೆ."

"ನಾನೇನ್ ಮಾಡ್ಲವ್ವ, ತಾಳ ಹಾಕೋನು. ಅವ್ನು ಎಂಗಂತಾನೋ ಅಂಗನ್ನೋದು" ಎಂದೆ. ನನ್ನ ಮನಸ್ಸಿನಲ್ಲಿದ್ದದ್ದೂ ಅಷ್ಟೇ. ಬಿಸಿಲು ನೆತ್ತಿ ಸುಡುತ್ತಿತ್ತು, ಸಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೇಗ ಮುಗಿದರೆ ಸಾಕಾಗಿತ್ತು.

ಪದ ಎತ್ತಿದ. ಗಂಟಲಿಗೆ ವಯಸ್ಸಾಗಿರಲಿಲ್ಲ, ಪಾಪಿ. ನುಡಿಯ ಮೇಲೆ ನುಡಿ ಬಂತು, ನಾವು ಸೊಲ್ಲು ಹಿಡಿದೆವು. ಕೊನೆಯ ನುಡಿ ಬಂತು. ಅವನು ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ನಾವು ನಾಲ್ವರೂ 'ನಾಲೆ ನೀರು ಬಂದೈತೆ' ಎಂದು ಎತ್ತಿಕೊಂಡುಬಿಟ್ಟೆವು.

ತಪ್ಪಾಯಿತು ಎಂದುಕೊಂಡೆ. ಅವನೂ ಹಾಗೆಯೇ ಅಂದುಕೊಂಡು, ಕೆಂಗಣ್ಣು ಬಿಟ್ಟು, ಹಿಂದಿನ ನುಡಿಯಿಂದ ಮತ್ತೆ ಹಿಡಿದ. ಹೆಸರು ಬರುವ ಜಾಗಕ್ಕೆ ಮತ್ತೆ ಅದೇ ಆಯಿತು. ಎಲ್ಲಿ ಎತ್ತಿಕೊಂಡೆವು ಎಂಬುದು ಆಗ ನನ್ನ ಗಮನಕ್ಕೆ ಬಂತು. ಅರ್ಧ ಉಸಿರು ಮುಂಚೆ. ಮೇಳದಲ್ಲಿ ನಮಗೆ ಯಾರಿಗೂ ಆ ಅಭ್ಯಾಸವಿಲ್ಲ. ನಾವು ಒಂದು ಗಳಿಗೆ ಹಿಂದೆ ಬೀಳುವವರೇ ಹೊರತು ಮುಂದೆ ನುಗ್ಗುವವರಲ್ಲ. ಬೇಕೆಂದೇ ಮಾಡು ಎಂದರೂ ನಾಲ್ಕು ಜನ ಒಂದೇ ಹದಕ್ಕೆ ಹಾಗೆ ನುಗ್ಗಲು ತಿಂಗಳುಗಟ್ಟಲೆ ಕೂತು ಕಲಿಯಬೇಕು.

"ಯಾಕ್ರಲಾ, ಬೇಕಂತ ಆಟ ಆಡ್ತೀರಾ?" ಎಂದು ಸಿದ್ದರಾಜು ಗಿಟಾರಿನ ಮೇಲೆ ಕೈ ಬಡಿದ. "ಇಳ್ಸಕ್ಕೆ ಬುಡ್ರಲಾ."

ಹಿರಿಯರಾದ ಜವರೇಗೌಡರು ನೆರಳಿನಿಂದಲೇ ಕೂಗಿದರು. "ಅನ್ನ ತಣ್ಣಗಾಯ್ತದೆ ಕಣಪ್ಪ. ಯಾರೆಸ್ರು ಹೇಳ್ಬೇಕೋ ಅವ್ರೆಸ್ರು ಹೇಳಿ ಇಳ್ಸು ಅತ್ಲಾಗೆ."

ಜನ ನಕ್ಕರು. ಅದು ಒಳ್ಳೆಯ ನಗೆಯಲ್ಲ.

ಮುಂದಿನ ಸಲ ನಾನು ತಾಳವನ್ನು ನೆಲಕ್ಕಿಟ್ಟೆ. ತುಟಿ ಬಿಗಿದೆ. ಏನಾದರೂ ಸರಿ, ಬಾಯಿ ತೆರೆಯಬಾರದು ಎಂದು ನಿಶ್ಚಯಿಸಿ ಕೂತೆ. ಇದನ್ನು ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ಆ ಜಾಗ ಬಂದಾಗ ನನ್ನ ಬಾಯಿ ತಾನೇ ತೆರೆದುಕೊಂಡಿತು. ಯಾರೋ ದೂಡಿದಂತಲ್ಲ, ಮೈ ನಡುಗಲೂ ಇಲ್ಲ. ಆಕಳಿಕೆ ಬಂದಾಗ ಬಾಯಿ ತೆರೆಯುವುದಿಲ್ಲವೇ, ಅಷ್ಟು ಸಲೀಸಾಗಿ. ಪಕ್ಕದಲ್ಲಿದ್ದ ಮಾದಯ್ಯನ ಮುಖ ನೋಡಿದೆ. ಬಾಯಿ ಹಾಡುತ್ತಿತ್ತು, ಕಣ್ಣು ಹೆದರಿ ದೊಡ್ಡದಾಗಿತ್ತು. ನನಗೆ ಹೆದರಿಕೆಯಾದದ್ದು ಆಗಲೇ.

ಎಷ್ಟು ಸಲ ಹಾಗಾಯಿತೋ ಎಣಿಸಲಿಲ್ಲ. ಸಿದ್ದರಾಜುವಿನ ಗಂಟಲು ಕಟ್ಟಿತು. ನಗುತ್ತಿದ್ದ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ಕೊನೆಗೆ ಅವನು ಟೋಪಿ ತೆಗೆದು ನೆಲಕ್ಕೆ ಬಡಿದು, "ಸತ್ತರೂ ಬುಡಲ್ವಲ್ಲೇ" ಎಂದು ಗುಡ್ಡೆಗೆ ಹೇಳಿ, ಎದ್ದು ಹೋದ. ಪದ ಹಾಗೆಯೇ ಮೇಲೆ ಉಳಿಯಿತು.

ಮುಂದೇನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಆಗ ಎಡೆಯ ಮೊರ ಹಿಡಿದು ನಿಂತಿದ್ದ ಸಾವಿತ್ರಿ, ಹುಟ್ಟಿದಂದಿನಿಂದ ಒಂದು ಸಾಲೂ ಹಾಡದವಳು, ಕೊನೆಯ ನುಡಿಯನ್ನು ಹೇಳಿದಳು. ಶ್ರುತಿ ಇರಲಿಲ್ಲ. 'ನಾಟಿ ನಂಜಿ' ಎಂದು ತಾಯಿಯ ಹೆಸರಿಗೆ ಬಂದಾಗ ನಾವು ನಾಲ್ವರೂ ಆ ಹೆಸರನ್ನೇ ಹೇಳಿ ನಿಂತೆವು, ಎಲ್ಲಿ ನಿಲ್ಲಬೇಕೋ ಸರಿಯಾಗಿ ಅಲ್ಲಿಗೇ. ಎಡೆ ಇಕ್ಕಿದರು. ಉಂಡೆವು. ನನಗೆ ಏನು ಉಂಡೆನೆಂದು ನೆನಪಿಲ್ಲ.

ಅಂದಿನಿಂದ ಸಿದ್ದರಾಜು ಸಿಕ್ಕಸಿಕ್ಕಲ್ಲಿ, ಊರಿನವರು ಪಿತೂರಿ ಮಾಡಿ ತನಗೆ ಅವಮಾನ ಮಾಡಿದರು ಎಂದು ಹೇಳಿಕೊಂಡು ತಿರುಗುತ್ತಾನೆ. ಅದರಲ್ಲೂ ನನ್ನ ಹೆಸರು ಮೊದಲು. ಪುಣ್ಯಾತ್ಮ ವಿಡಿಯೊ ಹಿಡಿಸಿದ್ದನಲ್ಲ, ಅದನ್ನು ನಾನೂ ನೋಡಿದ್ದೇನೆ. ಅದರಲ್ಲಿ ನಾನು ಬೇಕೆಂದೇ ಹಾಡುತ್ತಿರುವವನ ಹಾಗೆ ಕಾಣುತ್ತೇನೆ. ಯಾರೇ ನೋಡಿದರೂ ಪಿತೂರಿ ಎಂದೇ ಹೇಳಬೇಕು. ನನ್ನ ಸಂಕಟ ಇರುವುದು ಅಲ್ಲೇ. ಪಿತೂರಿ ಮಾಡಿದ್ದರೆ ಎದೆ ತಟ್ಟಿ ಒಪ್ಪಿಕೊಳ್ಳುತ್ತಿದ್ದೆ, ಅಂಗಡಿಗೆ ಬಂದವರಿಗೆಲ್ಲ ಕಾಫಿ ಕುಡಿಸಿ ಹೇಳುತ್ತಿದ್ದೆ. ಸಾವಿತ್ರಿ ಕೇಳಿಕೊಂಡಾಗ ಆಗುವುದಿಲ್ಲ ಎಂದವನು ನಾನು. ನಾನು ಮಾಡದ ಕೆಲಸಕ್ಕೆ ಊರು ನನ್ನನ್ನು ಹೊಗಳುತ್ತದೆ, ಅವನು ಬೈಯುತ್ತಾನೆ.

ಹ್ಯಾಂಡ್‌ಪೋಸ್ಟಿನ ಕಾರ್ಯಕ್ರಮದಲ್ಲಿ ಅವನು ಆ ಪದವನ್ನು ಕೊನೆಯ ನುಡಿ ಬಿಟ್ಟು ಹಾಡಿದನಂತೆ. ಅಲ್ಲೇನಾಯಿತೋ ನಾನು ಕಾಣೆ.

ಒಂದು ದಿನ ಅಂಗಡಿಯಲ್ಲಿ ಒಬ್ಬನೇ ಇದ್ದೆ. ಕಾರಣ ಹುಡುಕುವ ಚಾಳಿ ಬಿಡಬೇಕಲ್ಲ. ವೈರಿಗೂ ಒಂದು ಅವಕಾಶ ಕೊಡೋಣ ಎಂದು, ಮೋಟಾರಿನ ವೈಂಡಿಂಗ್ ಸುತ್ತುತ್ತಾ ಸಣ್ಣಗೆ ಆ ಪದ ಎತ್ತಿದೆ. ಕೊನೆಯ ನುಡಿಯಲ್ಲಿ ಸಿದ್ದರಾಜುವಿನ ಹೆಸರು ಹಾಕಿ ಇಳಿಸಲು ಹೋದೆ. ನಾಲೆ ನೀರು ಬಂದೈತೆ, ಎಂದಿತು ನನ್ನ ಬಾಯಿ, ಅರ್ಧ ಉಸಿರು ಮುಂಚೆ.