ನೀಲಮ್ಮ ತಾವಾಗಿ ಎದ್ದಿರಲಿಲ್ಲ

ಭಾಲ್ಕಿಯ ನೀಲಮ್ಮನವರು ಬಿದ್ದದ್ದು ಅವರ ತಪ್ಪಿನಿಂದಲ್ಲ. ನಾನು ಕೈ ಬಿಟ್ಟಿದ್ದೆ. ಆಮೇಲೆ ಎರಡು ಸುಳ್ಳು ಹೇಳಿದೆ. ಒಂದನ್ನು ನನ್ನ ಮಾತೆಂದು ಹೇಳಿದೆ, ಇನ್ನೊಂದನ್ನು — ಬರೆಯಲು ಈಗಲೂ ಕೈ ಹಿಂಜರಿಯುತ್ತದೆ — ಅವರದೇ ಮಾತೆಂದು ಹೇಳಿದೆ.

ಆಗ ನಾನು ಬೀದರಿನಲ್ಲಿ ದೊರೆಸಾನಿ ಡಾಕ್ಟರೊಬ್ಬರು ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ನರ್ಸಿನ ಕೆಲಸ ಕಲಿತಿದ್ದ ಹುಡುಗಿ. ನನ್ನ ತಂದೆತಾಯಿ ಪ್ಲೇಗಿನಲ್ಲಿ ತೀರಿಕೊಂಡರು. ಅವ್ವನ ಹತ್ತಿರ ಹೋಗದಂತೆ ಯಾರೋ ನನ್ನ ರಟ್ಟೆ ಹಿಡಿದು ಹೊರಗೆ ನಿಲ್ಲಿಸಿದ್ದು ಮಾತ್ರ ನೆನಪಿದೆ. ಮಿಷನ್ನಿನವರು ಸಾಕಿ, ಓದಿಸಿ, ಮಾರ್ಥಾ ಎಂದು ಹೆಸರಿಟ್ಟರು. ಬೇನೆ ಬಿದ್ದವರ ನಡುವೆಯೇ ಬೆಳೆದೆ. ಆದರೂ ಬೇನೆಯ ಭಯ ಹೋಗಲಿಲ್ಲ — ಅದನ್ನು ಮುಖದ ಮೇಲೆ ತೋರಿಸದಿರಲು ಕಲಿತೆ, ಅಷ್ಟೆ.

ನೀಲಮ್ಮನವರು ಭಾಲ್ಕಿಯ ಬಟ್ಟೆ ವ್ಯಾಪಾರಿಯೊಬ್ಬರ ಹೆಂಡತಿ. ತವರು ಔರಾದದ ಕಡೆಯ ಸಂತಪುರ. ಇನ್ನೂ ತುಂಬು ಹರೆಯ. ಆದರೆ ನಿಂತರೆ ತೂಗಾಡುವರು, ನೀರಿನ ಚಂಬಿಗೆ ಕೈ ಚಾಚಿದರೆ ಬೆರಳು ಅದನ್ನು ದಾಟಿ ಹೋಗುವುದು. ಮಾತು ನಾಲಿಗೆಯ ಮೇಲೆ ಜಾರಿ ಒಂದರೊಳಗೊಂದು ಸೇರಿಬಿಡುವುದು. ಅವರ ತಾಯಿಗೂ ಹೀಗೇ ಆಗಿತ್ತಂತೆ. ಡಾಕ್ಟರಮ್ಮ ಪರೀಕ್ಷಿಸಿ, ಇದು ವಂಶದಲ್ಲಿ ಇಳಿದು ಬರುವ ನರಗಳ ರೋಗ, ವಾಸಿಯಾಗುವುದಿಲ್ಲ, ಆದರೆ ಕಾಲಿಗೆ ಮತ್ತೆ ಮತ್ತೆ ಪಾಠ ಹೇಳಿಕೊಟ್ಟರೆ ಬಹಳ ವರ್ಷ ನಡೆಯಬಹುದು ಎಂದರು. ಮುಟ್ಟಿದರೆ ಹತ್ತುವಂಥದಲ್ಲ ಎಂದು ನನಗೆ ಬೇರೆಯಾಗಿಯೇ ಹೇಳಿದರು. ನಾನು ತಲೆಯಾಡಿಸಿದೆ.

ಆ ಪಾಠ ಹೇಳಿಕೊಡಲು ನನ್ನನ್ನು ಭಾಲ್ಕಿಗೆ ಕಳಿಸಿದರು. ಆ ಮನೆಯ ಹಿತ್ತಲ ಕೋಣೆಯಲ್ಲೇ ಉಳಿದುಕೊಂಡೆ. ಪಡಸಾಲೆಯ ಫರ್ಸಿಕಲ್ಲಿನ ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದೆ. ಮೊದಲು ಕೂತಲ್ಲೇ ಹಿಮ್ಮಡಿಯನ್ನು ಗೆರೆಯ ಮೇಲೆ ಮೆಲ್ಲಗೆ ಜಾರಿಸುವುದು, ಆಮೇಲೆ ಪಾದ ನೋಡುತ್ತ ಏಳುವುದು, ಕೂಡುವುದು. ಗೆರೆಗಳ ನಡುವೆ ಹೆಜ್ಜೆಯಿಟ್ಟು ನಡೆದು, ನಿಂತು, ತಿರುಗಿ ಬರುವುದು. ಎಲ್ಲ ಹೊತ್ತಿನಲ್ಲೂ ನಾನು ಹಿಂದೆ ನಿಂತು ಅವರ ನಡುವಿಗೆ ಅಂಗೈ ಕೊಟ್ಟಿರಬೇಕು. ಕ್ರಿಸ್ತಾನರ ಹುಡುಗಿ ಮುಟ್ಟುವುದು ಅವರ ಅತ್ತೆ ಬಸಮ್ಮನವರಿಗೆ ಸರಿಬರಲಿಲ್ಲ. ನೀಲಮ್ಮನವರೇ ತಡವರಿಸಿ ನನ್ನ ಕೈ ಹುಡುಕಿ, ಎಳೆದು, ತಮ್ಮ ನಡುವಿನ ಮೇಲೆ ಇಟ್ಟುಕೊಂಡರು.

ಕೆಲವು ತಿಂಗಳಲ್ಲಿ ಅವರ ಮಾತು ನನಗೆ ಪೂರ್ತಿ ತಿಳಿಯತೊಡಗಿತು. ಮನೆಯವರಿಗೆ ತಿಳಿಯುತ್ತಿರಲಿಲ್ಲ, ನಾನೇ ಬಿಡಿಸಿ ಹೇಳುತ್ತಿದ್ದೆ. ಒಂದು ದಿನ ಅವರು ಕಂಬದಿಂದ ಬಾಗಿಲವರೆಗೆ ಯಾರನ್ನೂ ಹಿಡಿಯದೆ ನಡೆದರು. ಪುಟ್ಟ ಮಗಳು ಮಹಾದೇವಿ ಚಪ್ಪಾಳೆ ತಟ್ಟಿದಳು. ನೀಲಮ್ಮನವರು ಉಸಿರು ಬಿಡುತ್ತ ನನ್ನತ್ತ ತಿರುಗಿ, "ನಮ್ಮವ್ವ ಮೂಲ್ಯಾಗ ಬಿದ್ದು ಹೋದಳು. ನನಗ ಹಾಂಗ ಬಿಡಬ್ಯಾಡ ನೋಡವ್ವ, ಮಾರ್ಥಾ," ಎಂದರು.

ಬಿಡೂದಿಲ್ಲ ಎಂದೆ. ಅಂದದ್ದು ನಿಜ.

ಆದರೆ ಆ ವಾರವೇ ನನ್ನ ಕೈಯಿಂದ ಹಿತ್ತಾಳೆ ಲೋಟ ಜಾರಿ ಬಿತ್ತು. ಸೂಜಿಗೆ ದಾರ ಪೋಣಿಸಲು ಹೋದರೆ ಬೆರಳು ನಡುಗಿದಂತಾಯಿತು. ಮೆಟ್ಟಿಲಿಳಿಯುವಾಗ ಕಾಲು ಎಡವಿತು — ಎಲ್ಲರಿಗೂ ಆಗುವಂಥದೇ. ನನಗೆ ಮಾತ್ರ, ಇದು ಅವರಿಂದ ನನಗೆ ಬಂತು, ಅಂಗೈಯಿಂದಲೇ ಹತ್ತಿತು ಅನ್ನಿಸಿಬಿಟ್ಟಿತು. ಒಬ್ಬಳೇ ಇದ್ದಾಗ ಕಣ್ಣು ಮುಚ್ಚಿ ನಿಂತು ತೂಗಾಡುತ್ತೇನೋ ಎಂದು ನೋಡಿಕೊಳ್ಳುತ್ತಿದ್ದೆ. ಭಯಕ್ಕೆ ಕಾಲು ಖಂಡಿತ ತೂಗಾಡುತ್ತಿತ್ತು. ಡಾಕ್ಟರಮ್ಮನನ್ನು ಕೇಳಬಹುದಾಗಿತ್ತು. ಹೌದು ಅಂದುಬಿಟ್ಟರೆ — ಎಂದು ಕೇಳಲಿಲ್ಲ.

ನೀಲಮ್ಮನವರ ನಡುವಿನ ಮೇಲಿದ್ದ ಅಂಗೈ ಬೆರಳ ತುದಿಯಾಯಿತು. ಬೆರಳ ತುದಿ ಹೋಗಿ ಬರಿಯ ಸೀರೆಯ ಅಂಚು ಉಳಿಯಿತು. ಕೊನೆಗೆ ಅದೂ ಇಲ್ಲ. ಮುಟ್ಟಿದ್ದೇನೆ ಎಂಬಂತೆ ಹಿಂದೆ ಗಾಳಿಯಲ್ಲಿ ಕೈ ಹಿಡಿದು ನಿಲ್ಲುತ್ತಿದ್ದೆ.

ಅವತ್ತು ಬೆಳಗಿನ ಬಿಸಿಲು ಪಡಸಾಲೆಗೆ ಬಂದಿತ್ತು. ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸ. ಎಲ್ಲಕ್ಕಿಂತ ಕಷ್ಟದ್ದು ಅದೇ. ಕಣ್ಣಿನ ಆಸರೆ ಹೋದರೆ ಅವರಿಗೆ ನೆಲ ಎಲ್ಲಿದೆಯೆಂದೇ ತಿಳಿಯದು. ಅವರು ಕಣ್ಣು ಮುಚ್ಚಿ ಕೇಳಿದರು:

"ಮಾರ್ಥಾ, ಹಿಂದ ಅದೀ ಏನವ್ವ?"

"ಅದೀನ್ರಿ ಅಕ್ಕಾರೆ."

ನಾನು ಎರಡು ಮಾರು ದೂರ ನಿಂತಿದ್ದೆ.

ಅವರು ಬೀಳುವುದನ್ನು ನೋಡಿದೆ. ಅವರ ಕೈ ಹಿಂದಕ್ಕೆ ಬಂದು ನನ್ನನ್ನು ಹುಡುಕಿದ್ದನ್ನೂ ನೋಡಿದೆ. ಫರ್ಸಿಗೆ ಮೊಣಕೈ ಬಡಿದ ಸದ್ದಿಗೆ ಬಸಮ್ಮನವರು ಒಳಗಿನಿಂದ ಓಡಿಬಂದರು.

"ಏನಾತು? ನೀ ಎಲ್ಲಿ ಸತ್ತಿದ್ದಿ?"

"ನಾ ಬರೂದರೊಳಗ ತಾವ ಎದ್ದು ನಿಂತಿದ್ರು ರೀ," ಎಂದೆ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ತಾನಾಗಿ ಬಂತು.

ನೋವಿನಲ್ಲಿ ಮುಖ ಬಿಳಿಚಿಕೊಂಡಿದ್ದ ನೀಲಮ್ಮನವರು ನನ್ನನ್ನೇ ನೋಡುತ್ತ ಏನೋ ಹೇಳಿದರು. ಮಾತು ಎಂದಿಗಿಂತ ಹೆಚ್ಚು ಜಾರುತ್ತಿತ್ತು. ಬಸಮ್ಮನವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. "ಆಕಿ ಕೈ ಬಿಟ್ಟಳು," ಎಂದು ಹೇಳುತ್ತಿದ್ದರು.

"ಏನ್ ಅನ್ಲತ್ತಾಳ?" ಬಸಮ್ಮನವರು ನನ್ನನ್ನು ಕೇಳಿದರು.

"ತಪ್ಪಾತು ಅನ್ಲತ್ತಾರ್ರಿ."

ನೀಲಮ್ಮನವರ ಬಾಯಿ ತೆರೆದೇ ಇತ್ತು. ಬೇರೆಯವರೊಂದಿಗೆ ಮಾತಾಡಲು ಅವರಿಗೆ ಇದ್ದದ್ದು ನನ್ನ ನಾಲಿಗೆಯೊಂದೇ. ಅದನ್ನೂ ನಾನು ಕಸಿದುಕೊಂಡೆ.

ಮುರಿದ ಕೈ ಕೂಡಿಕೊಂಡಿತು. ಡಾಕ್ಟರಮ್ಮ ಮತ್ತೆ ನಡೆಸಿರಿ ಎಂದರು. ಬಸಮ್ಮನವರು ಒಪ್ಪಲಿಲ್ಲ. "ಹೇಳಿದ ಮಾತ ಕೇಳದಾಕಿಗಿ ಯಾರು ಕಾಯಬೇಕ್ರಿ? ಏಳೂದೂ ಬ್ಯಾಡ, ಬೀಳೂದೂ ಬ್ಯಾಡ." ಗಂಡನೂ ತಾಯಿಯ ಮಾತಿಗೇ ಬಿಟ್ಟರು. ಆಗಲಾದರೂ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನಗೆ ಬೀದರಿಗೆ ಮರಳಲು ಬಂಡಿ ಸಿದ್ಧವಾದಾಗ ಹಗುರವೆನಿಸಿತು — ಇದನ್ನೂ ಮುಚ್ಚಿಡಬಾರದು.

ನೀಲಮ್ಮನವರನ್ನು ತವರಿಗೆ, ಸಂತಪುರಕ್ಕೆ ಕಳಿಸಿಬಿಟ್ಟರು. ಮುಂದಿನ ವರ್ಷ ಔರಾದಕ್ಕೆ ಹೋಗುವ ದಾರಿಯಲ್ಲಿ ಡಾಕ್ಟರಮ್ಮ ಅವರನ್ನು ನೋಡಲು ಇಳಿದರು. ಔಷಧಿ ಪೆಟ್ಟಿಗೆ ಕಾಯುತ್ತೇನೆಂದು ನಾನು ಬಂಡಿಯಲ್ಲೇ ಕೂತೆ. ತೆರೆದ ಕಿಟಕಿಯಿಂದ ನೀಲಮ್ಮನವರ ದನಿ ಕೇಳಿತು. ಹೊರಗೆ ಬಂದ ಡಾಕ್ಟರಮ್ಮ, "ಮೂಲೆಯಲ್ಲಿ ಮಲಗಿಸಿಬಿಟ್ಟಿದ್ದಾರೆ. ಏನೋ ಕೇಳುತ್ತಿದ್ದಳು, ನನಗೆ ತಿಳಿಯಲಿಲ್ಲ," ಎಂದು ನಿಟ್ಟುಸಿರಿಟ್ಟರು.

"ಮಾರ್ಥಾ ಬಂದಾಳೇನು?" ಎಂದು ಅವರು ಕೇಳುತ್ತಿದ್ದದ್ದು ನನಗೆ ತಿಳಿದಿತ್ತು. ನಾನು ಬಂಡಿಯಿಂದ ಇಳಿಯಲಿಲ್ಲ. ಆ ಮಳೆಗಾಲ ಅವರು ತೀರಿಕೊಂಡ ಸುದ್ದಿ ಬಂತು.

ನನಗೆ ಯಾವ ರೋಗವೂ ಬರಲಿಲ್ಲ. ತಲೆ ನರೆತರೂ ಬೆರಳು ಈಗಲೂ ಸೂಜಿಗೆ ದಾರ ತಪ್ಪದೆ ಪೋಣಿಸುತ್ತದೆ.

ಈ ಚಳಿಗಾಲದಲ್ಲಿ ಖಟಕ ಚಿಂಚೋಳಿಯಿಂದ ಒಬ್ಬ ಹೆಣ್ಣುಮಗಳನ್ನು ನಮ್ಮ ದವಾಖಾನೆಗೆ ಕರೆತಂದರು. ಗಂಡನ ತೋಳಿಗೆ ಜೋತು ಬಿದ್ದಿದ್ದಳು. ಹೆಸರು ಕೇಳುವ ಮೊದಲೇ ನಡಿಗೆ ಗುರುತಾಯಿತು. ನೀಲಮ್ಮನವರ ಮಗಳು ಮಹಾದೇವಿ. ರೋಗ ಇನ್ನೂ ಆರಂಭದಲ್ಲಿತ್ತು, ಮಾತು ಸ್ಪಷ್ಟವಿತ್ತು. ಈಗಿನ ಡಾಕ್ಟರು ಅದೇ ಅಭ್ಯಾಸಗಳನ್ನು ಹೇಳಿದರು. ಅವಳು ಕುರ್ಚಿ ಬಿಟ್ಟು ಏಳಲೊಲ್ಲಳು.

"ನಮ್ಮವ್ವ ಮಾತ ಕೇಳದೆ ತಾನ ಎದ್ದು ಬಿದ್ದು ಕೆಟ್ಟಳ್ರಿ. ನಮ್ಮ ಬಸಮ್ಮ ಆಯಿ ಸಾಯೂತನಾ ಅದನ್ನೇ ಹೇಳ್ತಿದ್ದಳು. ನಾ ಏಳಂಗಿಲ್ರಿ. ನನಗ ಅಂಜಿಕಿ ಆಗ್ತದ."

ನನ್ನ ಸುಳ್ಳು ಸತ್ತವರ ಜೊತೆ ಹೋಗಿರಲಿಲ್ಲ. ಅದು ಈ ಮಗಳನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿತ್ತು. ಹೇಳಿದರೆ ಕೆಲಸ, ಮರ್ಯಾದೆ ಎರಡೂ ಹೋಗಬಹುದು ಎಂಬ ಲೆಕ್ಕ ಆಗಲೂ ಮನಸ್ಸಿನಲ್ಲಿ ಹಾದು ಹೋಯಿತು. ಅವಳ ಗಂಡನ ಎದುರಿಗೆ, ಡಾಕ್ಟರ ಎದುರಿಗೆ ಹೇಳಿದೆ — ಕೈ ತೆಗೆದದ್ದು, ಅವ್ವನ ಮಾತು ಬದಲಿಸಿದ್ದು, ಸಂತಪುರದ ಬಂಡಿ, ಎಲ್ಲ.

ಅವಳು ಕೇಳಿದಳು: "ಅಂದ್ರ ನಮ್ಮವ್ವಗ ನಡೀಲಿಕ್ಕ ಬರ್ತಿತ್ತೇನ್ರಿ?"

"ಬರ್ತಿತ್ತವ್ವ. ಛಲೋ ನಡೀತಿದ್ರು."

ಅವಳು ಅತ್ತಳು. ಕಣ್ಣೊರೆಸಲು ಹೋದ ಕೈ ಮೊದಲು ಕಿವಿಗೆ ತಾಗಿ ಆಮೇಲೆ ಕಣ್ಣಿಗೆ ಬಂತು. ಸಹಾಯಕ್ಕೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ.

"ನೀವು ಮುಟ್ಟಬ್ಯಾಡ್ರಿ ನನಗ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬ್ಯಾರೆ ಯಾರಿಗರ ಕರೀರಿ. ನಾ ಏಳ್ತೇನಿ."

ಕಿರಿಯ ನರ್ಸನ್ನು ಕರೆದು ನಾನು ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗಿನಿಂದ ಪಾದ ನೆಲಕ್ಕೆ ಉಜ್ಜುವ ಸದ್ದು, ಆಮೇಲೆ ಮೌನ, ಮತ್ತೆ ಸದ್ದು. ಅದು ನಿಂತಾಗಲೆಲ್ಲ ನನ್ನ ಉಸಿರು ಅಲ್ಲೇ ನಿಲ್ಲುತ್ತಿತ್ತು. ಎದ್ದು ಹೋಗಿ ನೋಡುವ ಹಕ್ಕು ನನಗಿರಲಿಲ್ಲ.